ಅರ್ಧ ಓಟಿನ ಒಗ್ಗಟ್ಟು

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಯೂನಿಟಿ ಅಂತ ಒಂದು ಊರಿದೆ. ಎರಡು ಸಾವಿರ ಜನರೂ ಇಲ್ಲದ ಹಳ್ಳಿ. 2008ರ ಜನವರಿಯಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಡೆಮಾಕ್ರಟಿಕ್ ಪಕ್ಷದ ಪ್ರೈಮರಿ ನಡೆದಾಗ ಈ ಊರಿನವರು ಹಿಲರಿ ಕ್ಲಿಂಟನ್‌ಗೆ 107 ಓಟು ಹಾಕಿದರು, ಬರಾಕ್ ಒಬಾಮಾಗೂ ಸರಿಯಾಗಿ 107. ಐದು ತಿಂಗಳು ಪರಸ್ಪರ ಕೆಸರೆರಚಿಕೊಂಡ ಇಬ್ಬರನ್ನೂ ಒಂದೇ ವೇದಿಕೆ ಹತ್ತಿಸಲು ಜಾಗ ಹುಡುಕುತ್ತಿದ್ದವರಿಗೆ ಇನ್ನೇನು ಬೇಕು? ಜೂನ್ 27ರಂದು ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿಳಿದರು. ಆಕೆಯ ಸೂಟು ನೀಲಿ, ಈತನ ಟೈಯೂ ನೀಲಿ. ವೇದಿಕೆಯ ಮೇಲೆ ಭಿನ್ನಮತ ಶಮನವಾಯಿತು. ವೇದಿಕೆಯ ಕೆಳಗಿನ ಕಥೆ ಬೇರೆ.

ನಮ್ಮಲ್ಲಿ ಅಭ್ಯರ್ಥಿ ಯಾರೆಂಬುದನ್ನು ಹೈಕಮಾಂಡ್ ನೋಡಿಕೊಳ್ಳುತ್ತದೆ. ಬಿ ಫಾರಂ ಸಿಗದವನು ರಾತ್ರಿ ಕ್ಯಾಮೆರಾ ಮುಂದೆ ಅತ್ತು, ಬೆಳಿಗ್ಗೆ ಬಂಡಾಯ ಅಭ್ಯರ್ಥಿಯಾಗುತ್ತಾನೆ. ಎರಡು ದಿನದ ಕೆಲಸ. ಅಲ್ಲಿ ಈ ಜಗಳವನ್ನು ತಿಂಗಳುಗಟ್ಟಲೆ ಊರೂರಿನ ಬಯಲಲ್ಲಿ ಆಡಬೇಕು, ಕೋಟ್ಯಂತರ ಜನ ಬಣ ಕಟ್ಟಿಕೊಂಡು ಗಂಟಲು ಹರಿದುಕೊಳ್ಳಬೇಕು. ಆಮೇಲೆ ಒಂದು ಶುಭದಿನ ನಾಯಕರು ‘ಆಯ್ತು, ಇನ್ನು ತಬ್ಬಿಕೊಳ್ಳಿ’ ಅಂದರೆ, ತಬ್ಬಿಕೊಳ್ಳಬೇಕು.

ಗಂಟಲು ಹರಿದುಕೊಂಡಿದ್ದು ಎಂಥ ಘನಕಾರ್ಯಕ್ಕೆ ಅಂತ ನೋಡಿ. ಮಿಷಿಗನ್, ಫ್ಲಾರಿಡಾ ಎರಡೂ ಪಕ್ಷದ ವೇಳಾಪಟ್ಟಿ ಧಿಕ್ಕರಿಸಿ ಜನವರಿಯಲ್ಲೇ ಪ್ರೈಮರಿ ನಡೆಸಿದವು. ಶಿಕ್ಷೆಯಾಗಿ, ಅಭ್ಯರ್ಥಿಯನ್ನು ಆರಿಸುವ ಮಹಾಧಿವೇಶನಕ್ಕೆ ಅವು ಕಳಿಸುವ ಒಬ್ಬ ಡೆಲಿಗೇಟನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಪಕ್ಷ ತೀರ್ಮಾನಿಸಿತು. ಒಬಾಮಾ ಮಿಷಿಗನ್ನಿನ ಮತಪತ್ರದಿಂದ ಹೆಸರು ತೆಗೆಸಿದರು. ಹಿಲರಿ ತೆಗೆಸಲಿಲ್ಲ. ಹೇಗೂ ಆ ಚುನಾವಣೆ ಲೆಕ್ಕಕ್ಕಿಲ್ಲವಲ್ಲ ಎಂಬರ್ಥದಲ್ಲಿ 2007ರ ಅಕ್ಟೋಬರ್‌ನಲ್ಲಿ ರೇಡಿಯೋದಲ್ಲಿ ಮಾತಾಡಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಡೆಲಿಗೇಟುಗಳ ಎಣಿಕೆಯಲ್ಲಿ ಹಿಂದೆ ಬಿದ್ದಿದ್ದೇ ತಡ, ಮಿಷಿಗನ್ನಿನ ಒಂದೊಂದು ಓಟೂ ಗಂಗಾಜಲದಷ್ಟು ಪವಿತ್ರವಾಯಿತು.

ಮೇ 31ರಂದು ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ನಿಯಮಾವಳಿ ಸಮಿತಿ ಪಂಚಾಯಿತಿಗೆ ಕೂತಿತು. ಹಿಲರಿ ಪಾಳಯದ ಹಳೇ ಹುಲಿ ಹೆರಾಲ್ಡ್ ಇಕೀಸ್ ಆ ಸಮಿತಿಯ ಸದಸ್ಯರು. ಹಿಂದಿನ ವರ್ಷ ಇದೇ ಸಮಿತಿಯಲ್ಲಿ ಡೆಲಿಗೇಟುಗಳನ್ನು ಕಿತ್ತುಹಾಕಲು ಒಪ್ಪಿದ್ದವರೂ ಅವರೇ, ಈಗ ಜನರ ಓಟು ಕದಿಯುತ್ತೀರಾ ಎಂದು ಗುಡುಗಿದವರೂ ಅವರೇ. ಕೊನೆಗೆ ತೀರ್ಪು ಬಂತು: ಎಲ್ಲ ಡೆಲಿಗೇಟುಗಳೂ ಬರಲಿ, ಆದರೆ ತಲೆಗೆ ಅರ್ಧ ಓಟು. ಮಿಷಿಗನ್ನಿನಲ್ಲಿ ಹಿಲರಿಗೆ 69 ಡೆಲಿಗೇಟು, ಮತಪತ್ರದಲ್ಲಿ ಹೆಸರೇ ಇಲ್ಲದ ಒಬಾಮಾಗೆ 59. ಸಭೆಯಲ್ಲಿದ್ದ ಹಿಲರಿ ಬೆಂಬಲಿಗರು ‘ಡೆನ್ವರ್! ಡೆನ್ವರ್!’ ಎಂದು ಕೂಗಿದರು. ಜಗಳವನ್ನು ಆಗಸ್ಟಿನ ಮಹಾಧಿವೇಶನದವರೆಗೂ ಎಳೆಯುತ್ತೇವೆ ಅನ್ನುವುದು ಅದರ ತಾತ್ಪರ್ಯ. ಎಳೆಯುವ ಕಷ್ಟ ಬರಲಿಲ್ಲ. ಅಭ್ಯರ್ಥಿ ಒಬಾಮಾ ಎಂದು ಖಚಿತವಾದ ಮೇಲೆ ಪಕ್ಷವೇ ಉದಾರ ಮನಸ್ಸಿನಿಂದ ಉಳಿದರ್ಧ ಓಟನ್ನೂ ಕೊಟ್ಟಿತು. ಬೇಕಿಲ್ಲದಾಗ ಎಲ್ಲರ ಓಟೂ ಪೂರ್ತಿ ಓಟೇ.

ಒಗ್ಗಟ್ಟಿಗೆ ಇನ್ನೊಂದು ಬಾಬತ್ತಿತ್ತು: ಸಾಲ. ಹಿಲರಿ ಪ್ರಚಾರದ ತಲೆ ಮೇಲೆ 2 ಕೋಟಿ ಡಾಲರ್‌ಗೂ ಹೆಚ್ಚು ಸಾಲವಿತ್ತು. ಯೂನಿಟಿಗೆ ಹೊರಡುವ ಹಿಂದಿನ ದಿನ ಒಬಾಮಾ ಆಕೆಯ ದೊಡ್ಡ ದಾನಿಗಳನ್ನು ಭೇಟಿಯಾಗಿ, ಸಾಲ ತೀರಿಸಲು ತಾವೂ ಕೈಜೋಡಿಸುವುದಾಗಿ ಹೇಳಿ, ತಮ್ಮ ಮತ್ತು ಮಿಶೆಲ್ ಪಾಲಿನದೆಂದು ತಲಾ 2,300 ಡಾಲರ್ ಎಣಿಸಿದರು. ಕಾನೂನಿನ ಮಿತಿಯೇ ಅಷ್ಟು ಅನ್ನಿ. ತಾತ್ವಿಕ ಭಿನ್ನಾಭಿಪ್ರಾಯಗಳು ಚೆಕ್ಕಿಗೆ ಬೇಗ ಕರಗುತ್ತವೆ.

ಕರಗದವರು ಬೆಂಬಲಿಗರು. ಅವರಲ್ಲೊಂದು ಗುಂಪು ‘ಪ್ಯೂಮಾ’ ಎಂದು ಹೆಸರಿಟ್ಟುಕೊಂಡಿತು. ಪೂರ್ತಿ ಬಿಡಿಸಿ ಹೇಳಿದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ಒಗ್ಗಟ್ಟಂತೆ, ಮಣ್ಣಾಂಗಟ್ಟಿ ಅಂದುಕೊಳ್ಳಿ. ಅವರ ಸಿಟ್ಟು ಸುಳ್ಳಲ್ಲ. ಹಿಲರಿ ಸಭೆಯಲ್ಲೇ ಎದ್ದುನಿಂತು ‘ನನ್ನ ಅಂಗಿ ಇಸ್ತ್ರಿ ಮಾಡು’ ಎಂದು ಕೂಗಿದ ಗಂಡಸರಿದ್ದರು. ಪರವಾಗಿಲ್ಲ ಹಿಲರಿ, ನೀವು ಸಾಕಷ್ಟು ಒಳ್ಳೆಯವರೇ ಎಂಬ ಧಾಟಿಯಲ್ಲಿ ಚರ್ಚಾವೇದಿಕೆಯಲ್ಲಿ ಕೊಂಕು ನುಡಿದವರು ಖುದ್ದು ಒಬಾಮಾ. ಇಷ್ಟೆಲ್ಲ ಕಂಡು ಕುದ್ದುಹೋದವರಲ್ಲಿ ಕೆಲವರು ಸೇಡಿಗೆ ಹಿಡಿದ ದಾರಿ ಯಾವುದು? ಗರ್ಭಪಾತದ ಹಕ್ಕು ಕೊಟ್ಟ ತೀರ್ಪು ರದ್ದಾಗಲಿ ಎನ್ನುತ್ತಿದ್ದ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್‌ಗೆ ಓಟು! ಮೆಕೇನ್ ಕೂಡ ಗಾಳಿ ನೋಡಿ ತೂರಿಕೊಂಡರು: ಆಗಸ್ಟ್ 29ರಂದು ಸಾರಾ ಪೇಲಿನ್‌ರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದರು. ಹೆಂಗಸರಿಗೆ ಹೆಂಗಸು ಬೇಕಿತ್ತು, ಕೊಟ್ಟಿದ್ದೇವಲ್ಲ ಎಂಬ ಧೋರಣೆ.

ಅಷ್ಟರಲ್ಲಿ ಡೆನ್ವರ್‌ನಲ್ಲಿ ಹಿಲರಿಯೇ ಎದ್ದುನಿಂತು, ರಾಜ್ಯವಾರು ಎಣಿಕೆ ನಿಲ್ಲಿಸಿ ಒಬಾಮಾರನ್ನು ಧ್ವನಿಮತದಿಂದ ಆರಿಸಿ ಎಂದು ಸೂಚಿಸಿಯಾಗಿತ್ತು. ಒಬಾಮಾ ಗೆದ್ದ ಮೇಲೆ, ಡಿಸೆಂಬರ್ 1ಕ್ಕೆ ಆಕೆಗೆ ವಿದೇಶಾಂಗ ಖಾತೆಯೂ ಘೋಷಣೆಯಾಯಿತು. ಮದುಮಕ್ಕಳು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವಾಗಲೂ ಬೀಗರು ಛತ್ರದ ಬಾಗಿಲಲ್ಲಿ ವರೋಪಚಾರದ ಲೆಕ್ಕಕ್ಕೆ ಕಿತ್ತಾಡುತ್ತಾರಲ್ಲ, ಪ್ಯೂಮಾದವರ ಪಾಡು ಅದು. ಇನ್ನು ಒಬಾಮಾ ಗೆದ್ದಿದ್ದಕ್ಕೆ, ಸೆಪ್ಟೆಂಬರ್‌ನಲ್ಲಿ ಮುಳುಗಿದ ಲೇಮನ್ ಬ್ರದರ್ಸ್ ಬ್ಯಾಂಕು ಯೂನಿಟಿ ಊರಿಗಿಂತ ಹೆಚ್ಚು ದುಡಿಯಿತು ಎಂಬುದು ನನ್ನ ಅನಿಸಿಕೆ.

ಎಂಟು ವರ್ಷ ಕಳೆದವು. 2016ರಲ್ಲಿ ಗೆದ್ದ ಬಣ ಹಿಲರಿಯದು, ಮುನಿದ ಬಣ ಬರ್ನಿ ಸ್ಯಾಂಡರ್ಸ್‌ದು. ಜುಲೈನಲ್ಲಿ ಅದೇ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ, ಈ ಸಲ ಪೋರ್ಟ್ಸ್‌ಮತ್‌ನಲ್ಲಿ, ಬರ್ನಿ ಬೆಂಬಲ ಘೋಷಿಸಿದರು. ಅದೇ ತಿಂಗಳು ಪಕ್ಷದ ಕಚೇರಿಯ ಇಮೇಲುಗಳು ಬಯಲಾಗಿ, ಅಲ್ಲಿನವರು ಬರ್ನಿಯನ್ನು ಎಷ್ಟು ತಾತ್ಸಾರದಿಂದ ನೋಡುತ್ತಿದ್ದರು ಅನ್ನುವುದು ಜಗಜ್ಜಾಹೀರಾಯಿತು. ಅಧ್ಯಕ್ಷೆ ಡೆಬಿ ವಾಸರ್‌ಮನ್ ಶುಲ್ಟ್ಸ್ ರಾಜೀನಾಮೆ ಕೊಡಬೇಕಾಯಿತು. ಫಿಲಡೆಲ್ಫಿಯಾ ಅಧಿವೇಶನಕ್ಕೆ ಬಂದ ಬರ್ನಿ, ಹಿಲರಿಯನ್ನು ಗೆಲ್ಲಿಸಲೇಬೇಕು ಎಂದು ಬೆಂಬಲಿಗರಿಗೆ ಹೇಳಿದಾಗ ಅವರು ಬರ್ನಿಯನ್ನೇ ಕೂಗಾಡಿ ಅಡಗಿಸಲು ನೋಡಿದರು. ಎಂಟು ವರ್ಷದ ಹಿಂದೆ ‘ಡೆನ್ವರ್’ ಎಂದು ಕೂಗಿದ್ದವರಲ್ಲಿ ಎಷ್ಟೋ ಜನ ಈಗ ಶಿಸ್ತಿನ ಪಾಠ ಹೇಳುವ ಮೇಷ್ಟ್ರುಗಳಾಗಿದ್ದರೆ ಆಶ್ಚರ್ಯವಿಲ್ಲ.

ನವೆಂಬರ್‌ನಲ್ಲಿ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯ ಮೂರೂ ಸೇರಿ 80 ಸಾವಿರಕ್ಕಿಂತ ಕಡಿಮೆ ಓಟಿನಲ್ಲಿ ಹಿಲರಿಯ ಕೈತಪ್ಪಿದವು. ಹೌದು, ಮಿಷಿಗನ್ನೇ, ಈ ಸಲ ಅಲ್ಲಿನ ಓಟು ಪೂರ್ತಿ ಲೆಕ್ಕಕ್ಕೆ ಬಂತು. ವಾರ ಕಳೆಯುವಷ್ಟರಲ್ಲಿ ಬರ್ನಿಯ ಪುಸ್ತಕ ಮಾರುಕಟ್ಟೆಯಲ್ಲಿತ್ತು. ಮರುವರ್ಷ ಹಿಲರಿಯದೂ ಬಂತು. ಬರ್ನಿಯ ಟೀಕೆಗಳಿಂದ ತಮಗೆ ಶಾಶ್ವತ ಪೆಟ್ಟುಬಿತ್ತು ಎಂಬ ದೂರು ಅದರಲ್ಲಿದೆ. ಎರಡೂ ಬಣದವರು ತಂತಮ್ಮ ನಾಯಕರ ಪುಸ್ತಕ ಕೊಂಡು, ಎದುರು ಬಣದವರಿಗೆ ಓದಿಹೇಳಲು ಸಾಲುಗಳ ಕೆಳಗೆ ಗೆರೆ ಎಳೆದುಕೊಂಡರು.