ಸೀಟು ಮೂರು, ಮಗಳು ಒಬ್ಬಳೇ

ಅಪ್ಪ: ಧಾರವಾಡ ಐಐಟಿ ಯಾಕೆ ಬೇಡ್ವೇ? 2016ರಲ್ಲಿ ಶುರುವಾದ್ರೇನು, ಐಐಟಿ ಐಐಟಿನೇ.

ಮಗಳು: ನಂಗೆ ಗಣಿತ ಬೇಕಪ್ಪ. ಬೆಂಗಳೂರಿನ ಸಾಂಖ್ಯಿಕ ಸಂಸ್ಥೆಯಲ್ಲಿ ಬಿ.ಮ್ಯಾಥ್ ಸಿಕ್ಕಿದೆ. ತಿಂಗಳಿಗಿಷ್ಟು ಅಂತ ಸ್ಟೈಪೆಂಡ್ ಬೇರೆ ಕೊಡ್ತಾರೆ.

ಅಪ್ಪ: ದುಡ್ಡು ಕೊಟ್ಟು ಓದಿಸ್ತಾರಾ? ಅದೆಂಥ ಕಾಲೇಜೇ! (ಕೋಚಿಂಗಿಗೆ ಲಕ್ಷಗಟ್ಟಲೆ ಸುರಿದವರಿಗೆ ಈ ಅನುಮಾನ ಸಹಜ.)

ಮಗಳು: ಹಾಗಾದ್ರೆ ಟಾಟಾ ಇನ್‌ಸ್ಟಿಟ್ಯೂಟು, ಅದೇ ಬೆಂಗಳೂರಿನ ಐಐಎಸ್‌ಸಿ?

ಅಪ್ಪ: 1909ರದ್ದು, ಸಿ.ವಿ. ರಾಮನ್ ಇದ್ದ ಜಾಗ, ಎಲ್ಲ ಸರಿ. ನಾಲ್ಕು ವರ್ಷ ಓದಿ ಆಮೇಲೆ?

ಮಗಳು: ಪಿಎಚ್‌ಡಿ.

ಅಮ್ಮ (ಅಡುಗೆಮನೆಯಿಂದ): ಅಯ್ಯೋ, ಮದುವೆ ಯಾವಾಗ?

ಅಪ್ಪ: ನೀ ಸುಮ್ನಿರೇ. ಸದ್ಯಕ್ಕೆ ಐಐಟಿ ಸೀಟು ಹಂಚೋ ಜೋಸಾದಲ್ಲಿ ‘ಫ್ಲೋಟ್’ ಒತ್ತಿಡೋಣ.

ಮಗಳು: ಅದ್ರಿಂದ ಮುಂದಿನ ಸುತ್ತಲ್ಲಿ ಇನ್ನೊಂದು ಸೀಟು ಸಿಗಬಹುದು. ಆರಿಸೋರು ಯಾರು?

ಅಪ್ಪ: ನಾಳೆ ದೊಡ್ಡಪ್ಪ ಬರ್ತಾರಲ್ಲ. ಮಗನಿಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಕೊಡಿಸಿದ ಅನುಭವ ಅವರಿಗಿದೆ.