ಮಹಾಮಾರಿ ಕಾಲದ ಕಟಿಕರ್ಮ ವಿಚಾರ

ಭರತನ ನಾಟ್ಯಶಾಸ್ತ್ರವು ಸೊಂಟದ ಚಲನೆಗಳನ್ನು ಛಿನ್ನಾ, ನಿವೃತ್ತಾ, ರೇಚಿತಾ, ಕಂಪಿತಾ, ಉದ್ವಾಹಿತಾ ಎಂದು ಐದು ಬಗೆಯಾಗಿಯೂ ಹೊಟ್ಟೆಯ ಅವಸ್ಥೆಗಳನ್ನು ಕ್ಷಾಮ, ಖಲ್ವ, ಪೂರ್ಣ ಎಂದು ಮೂರು ಬಗೆಯಾಗಿಯೂ ವಿಂಗಡಿಸಿ ಕೈತೊಳೆದುಕೊಂಡಿದೆ (ಈ ಕೊನೆಯ ಕ್ರಿಯೆಗೆ 20 ಸೆಕೆಂಡು ಬೇಕೆಂಬುದು 2020ರಲ್ಲಿ ಮನೆಮಾತಾಯಿತು). ಈ ಐದೂ ಆ ಮೂರೂ ಸೇರಿ ಸೋಫಾಕ್ಕೂ ಟೀಪಾಯಿಗೂ ನಡುವಿನ ನಾಲ್ಕಡಿ ಜಾಗದಲ್ಲಿ, ಪುಸ್ತಕಗಳ ಅಟ್ಟಿಯ ಮೇಲೆ ಏರಿಸಿಟ್ಟ ಲ್ಯಾಪ್‌ಟಾಪಿನ ಎದುರು ನಡೆಯಬೇಕಾಗಿ ಬಂದರೆ ಲಕ್ಷಣವೇನು, ದೋಷವೇನು, ಪ್ರಾಯಶ್ಚಿತ್ತವೇನು ಎಂಬ ಬಗ್ಗೆ ಮೂಲಗ್ರಂಥವೂ ಅದಕ್ಕೆ ಅಭಿನವಗುಪ್ತನು ಬರೆದ ವ್ಯಾಖ್ಯಾನವೂ ಮೌನವಾಗಿರುವುದರಿಂದ, ಆ ಕೊರತೆಯನ್ನು ನೀಗಿಸಲು ಪ್ರಸ್ತುತ ಪ್ರಬಂಧವು ಹೊರಟಿದೆ. ಅಧ್ಯಯನದ ಕ್ಷೇತ್ರ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶ. ಕಾಲಾರಂಭ 2020ರ ಮಾರ್ಚ್ 17, ಅಂದರೆ ಅಲ್ಲಿನ ಆರು ಕೌಂಟಿಗಳ ಜನರು ಮನೆ ಬಿಟ್ಟು ಕದಲಬಾರದೆಂಬ ಆದೇಶ ಜಾರಿಗೆ ಬಂದ ದಿನ. ವಸ್ತು ಬೆಲ್ಲಿ ಡಾನ್ಸ್ ಬಳಗ. ಬಳಗವೆಂದರೆ ಹಗಲು ನರ್ಸು, ಲೆಕ್ಕಿಗ, ಗ್ರಂಥಪಾಲಕಿಯರಾಗಿದ್ದು, ವಾರಕ್ಕೊಂದು ಸಂಜೆ ಬಾಡಿಗೆ ಸಭಾಂಗಣದಲ್ಲಿ ನಾಣ್ಯ ಹೊಲಿದ ಪಟ್ಟಿಯನ್ನು ಸೊಂಟಕ್ಕೆ ಬಿಗಿದು ಕುಣಿಯುವ, ಹಬ್ಬ ಜಾತ್ರೆಗಳಲ್ಲಿಯೂ ವೃದ್ಧಾಶ್ರಮಗಳಲ್ಲಿಯೂ ಬಿಟ್ಟಿಯಾಗಿ ಪ್ರದರ್ಶನ ಕೊಡುವ, ದುಡ್ಡು ಸಿಕ್ಕರೆ ಬೇಡವೆನ್ನದ ಗುಂಪು ಎಂದು ತಿಳಿಯತಕ್ಕದ್ದು.

ವಿಷಯಪ್ರವೇಶಕ್ಕೆ ತುಸು ಇತಿಹಾಸ ಅಗತ್ಯ. ಸೊಂಟ, ಹೊಟ್ಟೆ, ಎದೆಗಳನ್ನು ಒಂದರ ಹಂಗು ಒಂದಕ್ಕಿಲ್ಲದಂತೆ ಬಿಡಿಬಿಡಿಯಾಗಿ ಆಡಿಸುವ ಈ ನೃತ್ಯಕ್ಕೆ ಈಜಿಪ್ಟಿನಲ್ಲಿ ಎರಡು ನೆಲೆಗಳಿವೆ: ಮನೆಯಲ್ಲಿ, ಮದುವೆಯಲ್ಲಿ, ನಿಂತಲ್ಲೇ ನಿಂತು ಕುಣಿಯುವುದು ಬಲದಿ, ರಂಗದ ಮೇಲೆ ಕುಣಿಯುವುದು ರಕ್ಸ್ ಶರ್ಕಿ. ಬದಿಯಾ ಮಸಬ್ನಿ ಎಂಬಾಕೆ 1926ರಲ್ಲಿ ಕೈರೋದಲ್ಲಿ ತನ್ನ ರಂಜನಾಲಯವನ್ನು ತೆರೆದು ದೊಡ್ಡ ವೇದಿಕೆ ಒದಗಿಸಿದಾಗ, ಆ ವೇದಿಕೆಯನ್ನು ತುಂಬಬೇಕಾದ ಅನಿವಾರ್ಯಕ್ಕೆ ನರ್ತಕಿಯರ ತೋಳುಗಳು ಚಾಚಿಕೊಂಡವು, ಕಾಲುಗಳು ನಡೆಯತೊಡಗಿದವು, ತಾಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್‌ರಂಥ ತಾರೆಯರು ಅಲ್ಲಿಂದ ಸಿನಿಮಾಕ್ಕೆ ಹೋದರು. ಅಮೆರಿಕೆಗೆ ಈ ನೃತ್ಯದ ಪರಿಚಯ 1893ರ ಷಿಕಾಗೋ ವಿಶ್ವಮೇಳದಲ್ಲಿಯೇ ಆಗಿತ್ತಾದರೂ, ಕ್ಯಾಲಿಫೋರ್ನಿಯಾದಲ್ಲಿ ಅದು ಬೇರುಬಿಟ್ಟದ್ದು 1968ರಲ್ಲಿ ಬಾಲ್ ಅನಾತ್ ತಂಡವನ್ನು ಕಟ್ಟಿದ ಜಮೀಲಾ ಸಲಿಂಪೂರರಂಥವರ ತರಗತಿಗಳಿಂದ. ಅಂದಿನಿಂದ ಇಂದಿನವರೆಗೆ ಬಳಗದ ಶಿಕ್ಷಕಿಯರು ಮೊದಲ ಪಾಠದಲ್ಲಿ ತಪ್ಪದೆ ಹೇಳುತ್ತ ಬಂದ ಮಾತೆಂದರೆ, ಇದು ಮೂಲತಃ ಪ್ರದರ್ಶನಕ್ಕಲ್ಲ, ಹೆಂಗಸರು ತಂತಮ್ಮ ಮನೆಯೊಳಗೆ ತಮ್ಮ ಖುಷಿಗಾಗಿ ಕುಣಿಯುತ್ತಿದ್ದ ನೃತ್ಯ ಎಂಬುದು. 2020ರ ಮಾರ್ಚಿನಲ್ಲಿ ಆರೋಗ್ಯಾಧಿಕಾರಿಗಳು ಇದೇ ಮಾತನ್ನು ದಂಡನೆಯ ಎಚ್ಚರಿಕೆಯೊಡನೆ ಹೇಳಿದಾಗ, ಬಳಗವು ಮೂಲಕ್ಕೆ ಮರಳಿದ ಧನ್ಯತೆಯಲ್ಲಿ ಮೈಮರೆಯಬೇಕಿತ್ತು. ಬದಲಿಗೆ ಮುಂದೇನು ಗತಿ ಎಂದು ತಲೆಯ ಮೇಲೆ ಕೈಹೊತ್ತು ಕೂತಿತು. ಈ ವೈರುಧ್ಯವೇ ಪ್ರಬಂಧದ ಮೂಲಸಮಸ್ಯೆ.

ಮೊದಲಿಗೆ ನಾಟ್ಯಗೃಹದ ವಿಚಾರ. ಮಧ್ಯಮ ಗಾತ್ರದ ನಾಟ್ಯಗೃಹವು 64 ಹಸ್ತ ಉದ್ದ, 32 ಹಸ್ತ ಅಗಲ ಇರಬೇಕೆಂದೂ, ಅದಕ್ಕಿಂತ ದೊಡ್ಡದಾದರೆ ಮಾತು ಕೇಳಿಸದು, ಮುಖಭಾವ ಕಾಣಿಸದು ಎಂದೂ ಭರತನು ಎಚ್ಚರಿಸಿದ್ದಾನೆ. ಝೂಮ್ ಎಂಬ ಮಂಟಪದಲ್ಲಿ ಪ್ರತಿಯೊಬ್ಬರಿಗೂ ದೊರೆಯುವ ಆಯತವು ಎರಡು ಬೆರಳಿನಷ್ಟು ಅಗಲವಿದ್ದು, ಅಷ್ಟು ಚಿಕ್ಕದಾದರೂ ಮಾತು ಕೇಳಿಸದು, ಮುಖಭಾವ ಕಾಣಿಸದು ಎಂಬುದು ಶಾಸ್ತ್ರಕ್ಕೆ ಹೊಸ ಸೇರ್ಪಡೆ. ಮುಖ ಕಾಣಬೇಕಾದರೆ ಹತ್ತಿರ ಬರಬೇಕು, ಆಗ ಸೊಂಟ ಚೌಕಟ್ಟಿನಿಂದ ಹೊರಬೀಳುತ್ತದೆ; ಸೊಂಟ ಕಾಣಬೇಕಾದರೆ ಹಿಂದೆ ಸರಿಯಬೇಕು, ಆಗ ಬೆನ್ನಿಗೆ ಫ್ರಿಜ್ ತಗಲುತ್ತದೆ. ಮೊತ್ತಮೊದಲ ನಾಟ್ಯಪ್ರಯೋಗಕ್ಕೆ ವಿಘ್ನಗಳು ಅಡ್ಡಬಂದಾಗ ಇಂದ್ರನು ತನ್ನ ಧ್ವಜದಂಡದಿಂದ ಅವುಗಳನ್ನು ಜಜ್ಜಿ ಓಡಿಸಿದನೆಂದೂ ಆ ದಂಡವೇ ಜರ್ಜರವೆಂದೂ ಪ್ರಸಿದ್ಧಿಯಿದ್ದು, ಪ್ರಸ್ತುತ ಕಾಲದಲ್ಲಿ ಮೊಬೈಲನ್ನು ಹಿಡಿದು ನಿಲ್ಲುವ ಮೂರುಕಾಲಿನ ಕೋಲನ್ನೇ ಜರ್ಜರವೆಂದು ಗ್ರಹಿಸಬಹುದು. ಆದರೆ ಬೆಕ್ಕು, ವೈಫೈ, ಪಕ್ಕದ ಕೋಣೆಯಲ್ಲಿ ತನ್ನದೇ ಆಫೀಸಿನ ಮೀಟಿಂಗಿನಲ್ಲಿರುವ ಗಂಡ ಎಂಬ ತ್ರಿವಿಧ ವಿಘ್ನಗಳ ಮೇಲೆ ಅದರ ಆಟ ನಡೆಯಲಿಲ್ಲ.

ಲಯವಿಚಾರವು ಇದಕ್ಕಿಂತ ಸೂಕ್ಷ್ಮವಾದದ್ದು. ವಿಲಂಬಿತ, ಮಧ್ಯ, ದ್ರುತಗಳೆಂಬ ಪ್ರಸಿದ್ಧವಾದ ಮೂರು ಲಯಗಳ ಜೊತೆಗೆ ಜಾಲವಿಲಂಬಿತವೆಂಬ ನಾಲ್ಕನೆಯದನ್ನು ಇಲ್ಲಿ ಅಂಗೀಕರಿಸಬೇಕಾಗುತ್ತದೆ. ಮಕ್ಸೂಮ್ ಎಂಬ ಈಜಿಪ್ಟಿನ ತಾಳವನ್ನು ನಿಮಿಷಕ್ಕೆ 120 ಪೆಟ್ಟಿನಂತೆ ನುಡಿಸಿದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ 500 ಮಿಲಿಸೆಕೆಂಡ್ ಇರುತ್ತದೆ; ದನಿಯು ಅಂತರ್ಜಾಲದಲ್ಲಿ ಹೋಗಲು 150, ಬರಲು 150 ಮಿಲಿಸೆಕೆಂಡ್ ಹಿಡಿಯುತ್ತದೆಂದು ಇಟ್ಟುಕೊಂಡರೆ, ತಾನು ಕೇಳಿದ ಪೆಟ್ಟಿಗೆ ಕೂದಲೆಳೆಯಷ್ಟೂ ತಪ್ಪದೆ ಚಪ್ಪಾಳೆ ತಟ್ಟಿದ ಶಿಷ್ಯೆಯ ಚಪ್ಪಾಳೆಯು ಗುರುವಿನ ಕಿವಿಗೆ 300 ಮಿಲಿಸೆಕೆಂಡ್ ತಡವಾಗಿ, ಎರಡು ಪೆಟ್ಟುಗಳ ನಡುವೆಲ್ಲೋ ಬಂದು ಬೀಳುತ್ತದೆ. ಹೀಗೆ ತಾಳಜ್ಞಾನ ಪೂರ್ಣವಾಗಿರುವವಳು ತಾಳಗೇಡಿಯಾಗಿಯೂ, ತಾಳಜ್ಞಾನವಿಲ್ಲದವಳು ಆಗಾಗ ಪಂಡಿತೆಯಾಗಿಯೂ ಗೋಚರಿಸಿದ್ದರಿಂದ, ಎಲ್ಲರನ್ನೂ ಮ್ಯೂಟ್ ಮಾಡಿ ಎಲ್ಲರನ್ನೂ ಹೊಗಳುವ ಪದ್ಧತಿ ಬಳಕೆಗೆ ಬಂದಿತು.

ಸಗತ್ ಎಂದರೆ ಬೆರಳಿಗೆ ಸಿಕ್ಕಿಸಿಕೊಂಡು ನುಡಿಸುವ ಪುಟ್ಟ ಹಿತ್ತಾಳೆಯ ತಾಳ, ತುರ್ಕರ ಜಿಲ್. ಮನುಷ್ಯರ ಮಾತನ್ನು ಉಳಿಸಿ ಉಳಿದ ಸದ್ದನ್ನು ಅಳಿಸುವಂತೆ ರೂಪಿತವಾದ ಝೂಮ್ ತಂತ್ರಾಂಶವು ಸಗತ್ತನ್ನೂ ದರ್ಬುಕವೆಂಬ ಚರ್ಮವಾದ್ಯವನ್ನೂ ಪಾತ್ರೆ ಬಿದ್ದ ಗದ್ದಲವೆಂದೇ ಬಗೆದು ಅಳಿಸಿಹಾಕಿತು. ಬಳಗದ ಕೆಲವು ಗಂಡಂದಿರು ಬಹುಕಾಲದಿಂದ ತಳೆದಿದ್ದ ಅಭಿಪ್ರಾಯಕ್ಕೆ ಇದರಿಂದ ಯಂತ್ರದ ಅನುಮೋದನೆ ಸಿಕ್ಕಂತಾಯಿತು. ಮೂಲ ಧ್ವನಿಯನ್ನು ಹಾಗೇ ಬಿಡು ಎಂಬ ಗುಂಡಿ ಅದೇ ತಂತ್ರಾಂಶದಲ್ಲಿದೆಯೆಂಬುದು ಮೆಲ್ಲಗೆ ಪತ್ತೆಯಾಯಿತು. ಸೊಂಟವನ್ನು ಎಡೆಬಿಡದೆ ಕಂಪಿಸುವ ಶಿಮ್ಮಿಯ ಪಾಡು ಇನ್ನೂ ಶೋಚನೀಯ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸಿ ಉಳಿತಾಯ ಮಾಡುವುದು ವಿಡಿಯೊ ಸಂಕೋಚನದ ಧರ್ಮ. ನೂರು ನಾಣ್ಯಗಳು ಏಕಕಾಲಕ್ಕೆ ನಡುಗಿದರೆ ಎಲ್ಲವೂ ವ್ಯತ್ಯಾಸವೇ ಆಗಿ, ಸಾಲದ ಬ್ಯಾಂಡ್‌ವಿಡ್ತಿನಲ್ಲಿ ನರ್ತಕಿಯ ನಡುವು ಬಣ್ಣದ ಇಟ್ಟಿಗೆಗಳ ರಾಶಿಯಾಗಿ ಒಡೆಯುತ್ತದೆ. ನಡುವೇ ಇಲ್ಲವೆಂಬಷ್ಟು ಸಣ್ಣನಡು ಎಂದು ನಮ್ಮ ಪೂರ್ವಕವಿಗಳು ನಾಯಿಕೆಯನ್ನು ವರ್ಣಿಸಿದ್ದು ಅತಿಶಯೋಕ್ತಿಯಲ್ಲ, ಸಂಪರ್ಕದೋಷ ಎಂಬ ವಾದಕ್ಕೆ ಇಲ್ಲಿ ಪುಷ್ಟಿ ದೊರೆಯುತ್ತದೆ.

ದಿಗ್ಭ್ರಮೆಯ ಪ್ರಕರಣವನ್ನು ಕೊಂಚ ವಿಸ್ತರಿಸಿಯೇ ಹೇಳಬೇಕು. ಕ್ಯಾರೊಲಿನಾ ನೆರಿಚಿಯೊ ಅವರು 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ಫ್ಯಾಟ್‌ಚಾನ್ಸ್ ಬೆಲ್ಲಿಡಾನ್ಸ್ ತಂಡದಿಂದ ಹಬ್ಬಿದ ಶೈಲಿಯಲ್ಲಿ ಮೊದಲೇ ಹೆಣೆದ ನೃತ್ಯವಿಲ್ಲ. ಮುಂದೆ ಎಡತುದಿಯಲ್ಲಿ ನಿಂತವಳು ನಾಯಕಿ, ಆಕೆ ತೋಳಿನಿಂದಲೋ ತಲೆಯಿಂದಲೋ ಸನ್ನೆ ಕೊಟ್ಟೊಡನೆ ಉಳಿದವರು ಅದೇ ಕ್ಷಣ ಅದೇ ಚಲನೆಗೆ ಹೊರಳುತ್ತಾರೆ, ಕಣ್ಣು ಕಣ್ಣು ಕೂಡಿದಾಗ ನಾಯಕತ್ವ ಕೈಬದಲಾಗುತ್ತದೆ. ಈ ಶೈಲಿಗೆ ಬೇಕಾದದ್ದು ಮೂರು: ಎಡವೆಂಬುದು ಎಲ್ಲರಿಗೂ ಒಂದೇ ಆಗಿರುವುದು, ಒಂದೇ ಕ್ಷಣ, ಕೂಡುವ ಕಣ್ಣು. ಝೂಮಿನಲ್ಲಿ ಆಗ ಚೌಕಗಳ ಅನುಕ್ರಮ ಒಬ್ಬೊಬ್ಬರ ಪರದೆಯಲ್ಲಿ ಒಂದೊಂದು ತರಹವಾಗಿದ್ದರಿಂದ ಒಬ್ಬಳ ಎಡತುದಿಯ ನಾಯಕಿ ಮತ್ತೊಬ್ಬಳ ಪರದೆಯಲ್ಲಿ ಕೆಳಗಿನ ಸಾಲಿನ ಮೂಲೆಯಲ್ಲಿರುತ್ತಿದ್ದಳು. ಅವರವರ ಬಿಂಬ ಅವರಿಗೆ ಕನ್ನಡಿಯಂತೆ ತಿರುಗಿಯೂ ಪರರಿಗೆ ನೇರವಾಗಿಯೂ ಕಾಣುತ್ತದೆ. ಕಣ್ಣು ಕೂಡಿಸಲು ಕ್ಯಾಮೆರಾ ನೋಡಿದರೆ ಎದುರಿನವಳು ಕಾಣಳು, ಎದುರಿನವಳನ್ನು ನೋಡಿದರೆ ನೋಟ ಅವಳ ಗದ್ದಕ್ಕೆ ಬೀಳುತ್ತದೆ. ಶಿಕ್ಷಕಿಯು ಬೇಸತ್ತು ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತರೆ ಎಡಬಲಗಳ ಸಮಸ್ಯೆ ತಟ್ಟನೆ ಪರಿಹಾರವಾಗಿ, ಶಿಷ್ಯೆಯರು ಒಬ್ಬೊಬ್ಬರಾಗಿ ಚಹಾ ಮಾಡಲು ಎದ್ದು ಹೋಗುತ್ತಿದ್ದರು.

ಸಭಾಂಗಣವನ್ನು ಮುಚ್ಚಲೇಬೇಕಿತ್ತೇ ಎಂಬ ಪೂರ್ವಪಕ್ಷಕ್ಕೆ ದಕ್ಷಿಣ ಕೊರಿಯಾದ ಚೊನಾನ್ ನಗರದಿಂದ ಉತ್ತರ ದೊರೆಯುತ್ತದೆ. ಅಲ್ಲಿ 2020ರ ಫೆಬ್ರುವರಿ, ಮಾರ್ಚ್‌ಗಳಲ್ಲಿ 12 ವ್ಯಾಯಾಮ ಕೇಂದ್ರಗಳ ನೃತ್ಯ ತರಗತಿಗಳಿಗೆ ಸಂಬಂಧಿಸಿ 112 ಮಂದಿಗೆ ಸೋಂಕು ತಗಲಿತು. ಸುಮಾರು 60 ಚದರ ಮೀಟರ್ ಕೋಣೆ, 50 ನಿಮಿಷ, ಏದುಸಿರು. ಇದು ನಗೆಯ ಮಾತಲ್ಲ. ಆದರೆ ಈ ಸೋಂಕಿನ ತನಿಖೆಯಲ್ಲಿ, ಸೋಂಕಿದ್ದ ಒಬ್ಬ ಶಿಕ್ಷಕಿಯಿಂದ ಯೋಗ ಮತ್ತು ಪಿಲಾಟೆಸ್ ಕಲಿತ ಏಳೆಂಟು ಮಂದಿಯ ಗುಂಪಿನಲ್ಲಿ ಯಾರಿಗೂ ಸೋಂಕು ಕಾಣಲಿಲ್ಲ ಎಂಬ ವಿವರವೂ ಇದ್ದು, ವಿದ್ವಾಂಸರ ನಿದ್ದೆ ಕೆಡಿಸಲು ಅಷ್ಟು ಸಾಕು. ಬೆಲ್ಲಿ ಡಾನ್ಸ್ ಯಾವ ಕಡೆ ಸೇರಬೇಕು? ಚಿಫ್ತೆತೆಲ್ಲಿ ಎಂಬ ನಿಧಾನ ತಾಳಕ್ಕೆ ಹೊಟ್ಟೆಯನ್ನು ಅಲೆಯಂತೆ ಉರುಳಿಸುವುದನ್ನು ಸರ್ಪಪಕ್ಷವೆಂದೂ, ದರ್ಬುಕದ ಒಂಟಿವಾದನಕ್ಕೆ ಶಿಮ್ಮಿ ಹೊಡೆಯುವುದನ್ನು ಕಂಪಪಕ್ಷವೆಂದೂ ಕರೆದರೆ, ಮೊದಲನೆಯದು ಯೋಗದ ಪಾಲಿಗೂ ಎರಡನೆಯದು ಏದುಸಿರಿನ ಪಾಲಿಗೂ ಹೋಗಿ, ಏಕಾದಶಿ ಇಂದೋ ನಾಳೆಯೋ ಎಂದು ಸ್ಮಾರ್ತರೂ ಮಾಧ್ವರೂ ಪಂಚಾಂಗ ಹಿಡಿದು ಕೂತಂತೆ ಎರಡು ಮತಗಳು ಹುಟ್ಟುತ್ತವೆ. ಒಬ್ಬಳೇ ನರ್ತಕಿ ಒಂದೇ ಗಂಟೆಯೊಳಗೆ ಎರಡೂ ಮತಕ್ಕೆ ಸೇರುತ್ತಾಳಾದ್ದರಿಂದ ಬಾಗಿಲು ಮುಚ್ಚುವುದೇ ಸಿದ್ಧಾಂತ.

ಮುಖವಸ್ತ್ರದ ವಿಚಾರದಲ್ಲಿ ಇತಿಹಾಸವು ಬಳಗದ ಮೇಲೆ ಸೇಡು ತೀರಿಸಿಕೊಂಡಿತೆನ್ನಬಹುದು. ಮೂಗಿನ ಕೆಳಗೆ ತೆಳುಪರದೆ ಇಳಿಬಿಟ್ಟುಕೊಳ್ಳುವುದು ಜನಾನಾದ ಬಗ್ಗೆ ಹಾಲಿವುಡ್ ಕಟ್ಟಿದ ಕನಸೇ ಹೊರತು ನೃತ್ಯದ ಅಂಗವಲ್ಲವೆಂದು ಶಿಕ್ಷಕಿಯರು ಬಹುಕಾಲ ಗಂಟಲು ಹರಿದುಕೊಂಡಿದ್ದರು. 2020ರ ಏಪ್ರಿಲ್‌ನಲ್ಲಿ ಮಾಸ್ಕ್ ಕಡ್ಡಾಯವಾದಾಗ, ಹೊಟ್ಟೆ ತೆರೆದಿರಬಹುದು, ಮೂಗು ತೆರೆದಿರಕೂಡದು ಎಂಬ ವಸ್ತ್ರಸಂಹಿತೆಗೆ ಬಳಗವು ತಲೆಬಾಗಿ, ಉಳಿದಿದ್ದ ಮಿಣುಕುಗಳನ್ನೆಲ್ಲ ಮಾಸ್ಕಿಗೆ ಹೊಲಿಯಿತು. ಮೂರು ಗಜದ, ಅಂದರೆ ಒಂಬತ್ತಡಿಯ ನೃತ್ಯದ ಸೆರಗನ್ನು ಎರಡೂ ಕೈಗಳಲ್ಲಿ ಹರಡಿ ಹಿಡಿದು ಸುತ್ತುವವಳ ಬಳಿಗೆ ಆರಡಿಯೊಳಗೆ ಬರುವ ಧೈರ್ಯ ಮಾರಿಗೂ ಇರಲಾರದೆಂಬ ಸಮಾಧಾನವೊಂದು ಉಳಿದಿತ್ತು. ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಡೊಲೊರೆಸ್ ಪಾರ್ಕಿನ ಹುಲ್ಲಿನ ಮೇಲೆ ನಗರಾಡಳಿತವು ಸುಮಾರು ಹತ್ತಡಿ ವ್ಯಾಸದ ಬಿಳಿ ವೃತ್ತಗಳನ್ನು ಬಿಡಿಸಿತು. ಹತ್ತರಲ್ಲಿ ಒಂಬತ್ತು ಕಳೆದರೆ ಆಚೀಚೆ ಅರ್ಧರ್ಧ ಅಡಿ ಉಳಿಯುವುದರಿಂದ, ಈ ಮಂಡಲಗಳನ್ನು ಸೆರಗಿನ ಅಳತೆ ತಿಳಿದವರೇ ಬಿಡಿಸಿರಬೇಕೆಂದು ಊಹಿಸಲು ಅವಕಾಶವಿದೆ.

ಹಫ್ಲಾ ಎಂದರೆ ಬಳಗದ ಕೂಟ. ತಿಂಡಿ, ಕುಣಿತ, ಜಘ್ರೂತ ಎಂಬ ನಾಲಿಗೆ ಆಡಿಸಿ ಹೊರಡಿಸುವ ಕೀರಲು ಉಲಿತ, ಇವು ಅದರ ಜೀವಾಳ. ತುಂತುರು ಹಾರಿಸುವ ಸಾಮರ್ಥ್ಯದಲ್ಲಿ ಉಲಿತಕ್ಕೆ ಸಮನಾದುದು ವಿರಳವಾದ್ದರಿಂದ ಹಫ್ಲಾ ಆನ್‌ಲೈನಿಗೆ ಹೋಗಬೇಕಾಯಿತು; ಅಲ್ಲಿ ಮ್ಯೂಟಾಗಿದ್ದ ಮೂವತ್ತು ಬಾಯಿಗಳು ನಿಶ್ಶಬ್ದವಾಗಿ ಉಲಿದದ್ದು ಕುಣಿದವಳಿಗೆ ಸಾಮೂಹಿಕ ಆಕಳಿಕೆಯಂತೆ ಕಂಡಿದ್ದರೆ ತಪ್ಪು ಅವಳದಲ್ಲ. ಫೇಸ್‌ಬುಕ್ಕಿನಲ್ಲಿ ನೇರಪ್ರಸಾರ ಮಾಡಿದರೆ ಹಾಡಿನ ಹಕ್ಕು ಕಾಯುವ ಯಂತ್ರವು ನಡುವೆಯೇ ಸಂಗೀತವನ್ನು ಕತ್ತರಿಸುತ್ತಿತ್ತು. ರೆಸ್ಟೊರೆಂಟಿನ ಕುಣಿತದಿಂದ ಹೊಟ್ಟೆ ಹೊರೆಯುತ್ತಿದ್ದವರ ಪಾಡಂತೂ ಅಣಕಕ್ಕೆ ಎಟುಕದು. ಸೊಂಟಪಟ್ಟಿಗೆ ನೋಟು ಸಿಕ್ಕಿಸುತ್ತಿದ್ದ ಕೈಗಳ ಬದಲಿಗೆ ಚಾಟಿನಲ್ಲೊಂದು ಹಣಪಾವತಿಯ ಕೊಂಡಿ, ಅದನ್ನು ಒತ್ತುವವರಿಗಿಂತ ಚಪ್ಪಾಳೆಯ ಚಿತ್ರ ಒತ್ತುವವರೇ ಹೆಚ್ಚು.

ಲಸಿಕೆಯ ನಂತರ ಸಭಾಂಗಣಗಳು ತೆರೆದಾಗ ಅರ್ಧ ತರಗತಿ ಹಾಲಿನಲ್ಲಿ, ಅರ್ಧ ಮನೆಯಲ್ಲಿ ಎಂಬ ಮಿಶ್ರಪದ್ಧತಿ ಬಂದಿತು. ಬಾರದವಳ ಸಲುವಾಗಿ ಲ್ಯಾಪ್‌ಟಾಪನ್ನು ಒಂದು ಕುರ್ಚಿಯ ಮೇಲಿಡಬೇಕು. ಪ್ಲಗ್ಗು ಮುಂದುಗಡೆ ಎಡಮೂಲೆಯಲ್ಲಿದ್ದರೆ ಕುರ್ಚಿಯೂ ಅಲ್ಲಿಯೇ. ಎಡತುದಿಯಲ್ಲಿ ಮುಂದಿರುವವಳೇ ನಾಯಕಿ ಎಂಬ ನಿಯಮಕ್ಕೆ ಲಕ್ಷಣಕಾರರು ಅಪವಾದ ಹೇಳಿಲ್ಲವಾದ್ದರಿಂದ, ಮೈಲುಗಳಾಚೆ ಮ್ಯೂಟಾಗಿ, ಕ್ಯಾಮೆರಾ ಆರಿಸಿ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿರುವ ಆಕೆಯನ್ನು ಉಳಿದವರೆಲ್ಲ ಶಾಸ್ತ್ರೋಕ್ತವಾಗಿ ಅನುಸರಿಸತಕ್ಕದ್ದು.