ಡಬ್ಬಿಯೊಳಗಿನ ಬಣ್ಣದ ವೇಷ

(ಉಡುಪಿ ಕಡೆಯ ಒಂದು ಮನೆ. ಯಕ್ಷಗಾನದ ಆಟಕ್ಕೂ ಮದುವೆಗೂ ಗ್ಯಾಸ್‌ಲೈಟ್ ಬಾಡಿಗೆಗೆ ಕೊಡುತ್ತಿದ್ದ ಅಜ್ಜ. ಎಂ.ಎಸ್ಸಿ. ಓದುವ ಮೊಮ್ಮಗಳು ಸುಮಾ, ಕೈಯಲ್ಲಿ ಕಾಲೇಜಿನ ಗೈಗರ್ ಕೌಂಟರ್. ನಡುವೆ ಅಟ್ಟದಿಂದ ಇಳಿಸಿದ ತಗಡಿನ ಡಬ್ಬಿ.)

ಅಜ್ಜ: ಎಂತದು ಮಾರಾಯ್ತಿ, ಹಲ್ಲಿ ಲೊಚಗುಟ್ಟಿದ ಹಾಗೆ?

ಸುಮಾ: ಹಲ್ಲಿ ಅಲ್ಲಜ್ಜ, ನಿಮ್ಮ ಗ್ಯಾಸ್‌ಲೈಟಿನ ಬಲೆ, ಹಳೇ ಮ್ಯಾಂಟಲ್. ಇದರಲ್ಲಿ ತೋರಿಯಂ ಉಂಟು. ವಿಕಿರಣ ಬರ್ತಾ ಉಂಟು.

ಅಜ್ಜ: ಇನ್ನೂ ಹೊತ್ತಿಸಲೇ ಇಲ್ವಲ್ಲ!

ಸುಮಾ: ಹೊತ್ತಿಸುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೆಳಕು ಬರುವುದು ಕಾವಿನಿಂದ. 1891ರಲ್ಲಿ ಆಸ್ಟ್ರಿಯಾದ ಆವರ್ ಅನ್ನುವವ 99 ಪಾಲು ತೋರಿಯಂ ಆಕ್ಸೈಡಿಗೆ 1 ಪಾಲು ಸೀರಿಯಂ ಆಕ್ಸೈಡ್ ಸೇರಿಸಿದ. ತೋರಿಯಂ ಎಷ್ಟು ಕಾದರೂ ಶಾಖವನ್ನು ಹೊರಗೆ ಚೆಲ್ಲುವುದು ಕಮ್ಮಿ. ಹಾಗಾಗಿ ಬಲೆ ವಿಪರೀತ ಕಾಯ್ತದೆ. ಬೆಳಗುವುದು ಆ ಒಂದು ಪಾಲು ಸೀರಿಯಂ.

ಅಜ್ಜ: ಕುಣಿಯುವವ ಒಬ್ಬ, ಪರದೆ ಹಿಡಿಯುವವರು 99! ಮತ್ತೆ ಈ ಟಿಕ್ ಟಿಕ್?

ಸುಮಾ: ಅದು ತೋರಿಯಂ ಪರಮಾಣು ತನ್ನಷ್ಟಕ್ಕೆ ಒಡೆಯುವುದು. ಆಲ್ಫಾ ಕಣ ಹೊರಗೆ ಬೀಳ್ತದೆ. ಅದರ ಮರಿ ಧಾತುಗಳಿಂದ ಬೀಟಾ, ಗಾಮಾ. ಆ ಪಂಚಾಂಗದ ಒಂದು ಹಾಳೆ ಅಡ್ಡ ಹಿಡೀರಿ.

ಅಜ್ಜ: (ಹಿಡಿದು) ಓ, ಸದ್ದು ಕಮ್ಮಿ ಆಯ್ತು! ರಾಹುಕಾಲದ ಹಾಳೆಯಾ?

ಸುಮಾ: ಯಾವ ಹಾಳೆಯಾದ್ರೂ ಸೈ. ಆಲ್ಫಾ ಭಾರ, ಮೈತುಂಬ ವಿದ್ಯುದಾವೇಶ. ದಾರಿಯಲ್ಲಿ ಸಿಕ್ಕ ಎಲೆಕ್ಟ್ರಾನ್‌ಗಳನ್ನೆಲ್ಲ ಎಳೆದಾಡಿ, ಗಾಳಿಯಲ್ಲೇ ಕೆಲವು ಸೆಂಟಿಮೀಟರಿಗೆ ಸುಸ್ತು.

ಅಜ್ಜ: ಹಾಗೆ ಹೇಳು, ಬಣ್ಣದ ವೇಷ! ಆ ಕಿರೀಟ ಹೊತ್ತು ಚೌಕಿಯ ಬಾಗಿಲು ದಾಟುವುದೇ ಕಷ್ಟ.

ಸುಮಾ: ಸರಿ. ಬೀಟಾ ಹಗುರ, ಪುಂಡುವೇಷ ಅನ್ನಿ. ಹಾಳೆ ದಾಟಿ ಹಾರ್ತದೆ. ಅಜ್ಜಿಯ ಅಲ್ಯೂಮಿನಿಯಂ ಮುಚ್ಚಳ ಮೂರು ನಾಲ್ಕು ಪೇರಿಸಿ ಇಡಿ.

ಅಜ್ಜ: ಇಟ್ಟೆ. ಆದ್ರೂ ಒಂದೊಂದು ಟಿಕ್ ಬರ್ತದಲ್ಲ?

ಸುಮಾ: ಅದರಲ್ಲಿ ಕೆಲವು ಗಾಳಿ, ಗೋಡೆಯಿಂದ ಯಾವಾಗಲೂ ಬರುವವು. ಉಳಿದದ್ದು ಗಾಮಾ. ತೂಕವೂ ಇಲ್ಲ, ಆವೇಶವೂ ಇಲ್ಲ. ಸೀಸ, ದಪ್ಪ ಕಾಂಕ್ರೀಟು ಇಟ್ಟರೆ ಕಮ್ಮಿ ಆಗ್ತದೆ, ಪೂರ್ತಿ ನಿಲ್ಲುವುದಿಲ್ಲ.

ಅಜ್ಜ: ಗೊತ್ತಾಯ್ತು, ಚೆಂಡೆ! ಬಾಗಿಲು ಹಾಕಿ ಮಲಗಿದ್ರೂ ಆಚೆ ಊರಿಗೆ ಕೇಳ್ತದೆ. ಬಣ್ಣದ ವೇಷಕ್ಕೆ ಹೆದರಬೇಕಾದ್ದಿಲ್ಲ ಅಂತಾಯ್ತು.

ಸುಮಾ: ಹೊರಗಿದ್ರೆ ಇಲ್ಲ, ಚರ್ಮದ ಮೇಲಿನ ಸತ್ತ ಪದರವೇ ತಡೀತದೆ. ಒಳಗೆ ಬಂದ್ರೆ ಮಾತ್ರ ರಂಪ. ಹರಿದ ಮ್ಯಾಂಟಲಿನ ಬೂದಿ ಮೂಗಿಗೆ, ಬಾಯಿಗೆ ಹೋಗಬಾರ್ದು. ನೀವು ಹೇಗೆ ತೆಗೀತಿದ್ರಿ?

ಅಜ್ಜ: (ತಗ್ಗಿದ ಸ್ವರದಲ್ಲಿ) ಉಫ್ ಅಂತ ಊದಿ.

ಸುಮಾ: ಅಜ್ಜಾ!

ಅಜ್ಜ: ಆಗ ಯಾರು ಹೇಳಿದ್ರು? ಅದಿರ್ಲಿ, ಈ ತೋರಿಯಂ ಎಷ್ಟು ದಿನ ಬಾಳಿಕೆ?

ಸುಮಾ: ಅರ್ಧ ಖರ್ಚಾಗ್ಲಿಕ್ಕೆ ಸುಮಾರು 1,400 ಕೋಟಿ ವರ್ಷ.

ಅಜ್ಜ: ನೋಡು! ಆಚೆಮನೆಯವ ಮಗಳ ಮದುವೆಗೆ ಲೈಟು ತಕೊಂಡು, ಮ್ಯಾಂಟಲ್ ಒಂದು ರಾತ್ರಿಗೂ ಬಾಳಲಿಲ್ಲ ಅಂತ ಬಾಡಿಗೆ ಕೊಡದೆ ಹೋದ. ಆ ಮಿಷಿನು ಹಿಡ್ಕೊಂಡು ಬಾ, ಈಗಲೇ ಹೋಗುವ.